ಕಾಜಾ

ಮೊಣಕಾಲು ಬಾತಿದ್ದು ಎಲ್ಲಾರಿಗೂ ಕಂಡಿತ್ತು.
ಉಮದಿ ಸ್ಟ್ಯಾಂಡಿನ ಚಾದಂಗಡಿಯವನೂ
"ಏನವಾ, ಕೂಸು ಮುದುಕಿ ಹಂಗ ನಡೀತೈತಿ" ಅಂದಿದ್ದ.
ಮುಂಜಾನೆ ಎದ್ದಾಗ ಅರ್ಧಾ ತಾಸು ಬಿಗಿತ,
ಬಿಸಿನೀರು ಹಾಕಿ, ನೀವಿ ನೀವಿ,
ಹಳೇ ಕತ್ತರಿಗೆ ಎಣ್ಣಿ ಬಿಟ್ಟಂಗ
ಮೆಲ್ಲಕ ಬಿಡಸಬೇಕಿತ್ತು ಆ ಕಾಲು.

ಸಣ್ಣ ಮಕ್ಕಳಿಗೆ ಸಂದಿವಾತ ಎಲ್ಲೇರ ಬರತೈತೇನ?
ಅಂತ ನಮ್ಮತ್ತಿ.
ಆರು ವರ್ಷದ ಮುಕ್ತಾ
ಅಜ್ಜಿ ಮೊಣಕಾಲಿಗೆ ತನ್ನ ಮೊಣಕಾಲು ಹಚ್ಚಿ
"ನಂದಽ ದೊಡ್ಡದು" ಅಂತ ಗೆದ್ದು ನಗತಿದ್ದಳು.

ಕಣ್ಣಿನ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ.
ಕೆಂಪಿಲ್ಲ, ನೀರಿಲ್ಲ, ಪಿಸುರಿಲ್ಲ,
ತಿಕ್ಕಿಕೊಂಡಿದ್ದಿಲ್ಲ ಒಂದಿನಾನೂ.
ಬಿಳೀ ಬಿಳೀ ಕಣ್ಣು,
ಆಗ ತಾನಽ ಒಗದು ಒಣಹಾಕಿದ ಶಾಲಿ ಅಂಗಿ.

ಮಿರಜಿಗೆ ಕಾಲು ತೋರಸಾಕ ಹೋದ್ರ
ಆ ಡಾಕ್ಟರು ಕಾಲು ನೋಡಿ, ಚೀಟಿ ಬರದು,
"ಮೊದಲು ಕಣ್ಣಿನವರ ಕಡೆ ಹೋಗ್ರಿ" ಅಂದ್ರು.
ತಪ್ಪು ಚೀಟಿ ಕೊಟ್ರೇನೋ ಅಂತ
ಎರಡು ಸಲ ಹೊಳ್ಳಿ ಬಂದೆ ನಾನು.
"ಲಾಲ ನಾಹೀ, ದುಖತ ನಾಹೀ"
ಅಂತ ಹರಕು ಮರಾಠಿಯಾಗ ವಾದ ಹಾಕಿದೆ.
"ಅದಕಽ ಹೆದರಿಕಿ" ಅಂದ್ರು ಕಣ್ಣಿನ ಡಾಕ್ಟರಬಾಯಿ, ಕನ್ನಡದಾಗ.
ಅವರ ತವರು ಅಥಣಿಯಂತ.

ಗದ್ದ ಇಡೂ ತಟ್ಟಿ ಎತ್ತರಾತು,
ತೊಡಿ ಮ್ಯಾಲ ಕುಂಡ್ರಿಸಿಕೊಂಡೆ.
ಕತ್ತಲಿ ಕ್ವಾಲಿ. ದಾರದೆಳಿಯಂಥಾ ಬೆಳಕೊಂದು
ಕಣ್ಣಿಗೆ ಅಡ್ಡ ಬಿತ್ತು.
"ನಿಮ್ಮ ಮನಿ ಬೆಳಕಿಂಡಿಯಾಗ ಬಿಸಲು ಇಳದಾಗ
ಧೂಳು ತೇಲೂದು ಕಾಣತೈತಿಲ್ಲ?
ಹಂಗ ಐತಿ ಒಳಗ.
ಬಿಸಲಿನ ಕೋಲು ಇಲ್ಲದಿದ್ರ ಧೂಳು ಕಾಣಂಗಿಲ್ಲ,
ಹಂಗಂತ ಇಲ್ಲಂತಲ್ಲ."

ಆಮ್ಯಾಲ ಒಂದು ಮಾತು, ಸಣ್ಣ ದನಿಲೆ:
ಎಡಗಣ್ಣಿನ ಪಾಪೆ ದುಂಡಗಿಲ್ಲ.
ಒಳಗಿನ ಪದರು ಹಿಂದಿನ ಮಸೂರಕ್ಕ ಅಂಟಿ
ಒಂದು ಕಡೆ ಎಳಕೊಂಡೈತಿ.

ಹದಿನಾಕು ವರ್ಷದಿಂದ ಕಾಜಾ ಹಾಕಾಕಿ ನಾನು.
ಒಂದು ಹೊಲಿಗಿ ಬಿಗಿಯಾದ್ರ ಕಾಜಾ ಹ್ಯಾಂಗ ಸೊಟ್ಟಾಗತೈತಿ
ಬೆರಳು ಮುಟ್ಟಿದ್ರ ಗೊತ್ತಾಗತೈತಿ ನನಗ.
ಇದು ಗೊತ್ತಾಗಲಿಲ್ಲ.
ದಿನಾ ಮಾರಿ ತೊಳದೀನಿ, ಕಾಡಿಗಿ ಹಚ್ಚೀನಿ,
ಸೂಜಿಗೆ ದಾರ ಪೋಣಸಂತ ಅಕಿ ಕೈಯಾಗಽ ಕೊಟ್ಟೀನಿ.
ಎರಡು ತಿಂಗಳಿಂದ ಅಕಿ
ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಹಿಡದು ಪೋಣಸ್ತಿದ್ದಳು.
ಎಷ್ಟು ಶಾಣೇ ಆಗ್ಯಾಳ ನೋಡು,
ಅಂತ ಬಾಜೂಮನಿ ಸುಸಲಾಬಾಯಿಗೆ ಹೇಳೀನಿ.

ಈಗ ಬಾಟಲಿ ಅಲಗಾಡಸಿ, ಹಾಲಿನಂಥಾ ಹನಿ,
ತಾಸಿಗೊಂದು.
ಮಶೀನ ನಿಲ್ಲಸ್ತೀನಿ, ಬಿಡ್ತೀನಿ, ಮತ್ತ ತುಳೀತೀನಿ.
ಇನ್ನೊಂದು ಹನಿ ಪಾಪೆ ಹಿಗ್ಗಸೂದು,
ಅದು ಬಿದ್ದ ದಿನ ನಮ್ಮ ಕಡೆ ಬಿಸಲು ತಾಳಂಗಿಲ್ಲ.
ಯಾರದೋ ಪರಕರದಾಗ ಉಳಿದ ಅರಬಿಲೆ
ಅಂಚು ಅಗಲಿಟ್ಟು ಟೊಪಗಿ ಹೊಲಕೊಟ್ಟೆ.
ಶಾಲ್ಯಾಗ "ಇನಸ್ಪೆಕ್ಟರ" ಅಂತಾರಂತ.
ಆಯ್ತವಾರ ಗುಳಿಗಿ,
ಸೋಮವಾರ ವಾಕರಿಕಿ.
ಹಳದಿ ಗುಳಿಗಿ ಕಂಡ್ರಽ ಈಗ ಓಡತಾಳ.
ಓಡತಾಳ, ನೋಡ್ರಿ,
ಆ ಕಾಲಿನಾಗಽ.

ಮೊದಲು ವಾರಕ್ಕೊಮ್ಮೆ, ಈಗ ತಿಂಗಳಿಗೊಮ್ಮೆ ಮಿರಜ.
ಬಾಯಿ ಕಣ ಎಣಸ್ತಾರ:
ಹೋದ ಸಲ ಇಪ್ಪತ್ತು, ಈ ಸಲ ಆರು.
ಅಂಟಿದ್ದು ಅರ್ಧಾ ಬಿಟ್ಟೈತಿ, ಅರ್ಧಾ ಬಿಟ್ಟಿಲ್ಲ.
ಕಾಲು ಆರಾಮಾತಂತ ಬರೂದು ಬಿಡಬ್ಯಾಡ್ರಿ,
ಕಾಲು ಹೇಳಿದ್ದು ಕಣ್ಣು ಕೇಳಂಗಿಲ್ಲ, ಅಂತಾರ.

ಬ್ಯಾಟರಿ ಹಿಡದು ನೋಡಿದ್ರ ಏನೂ ಕಾಣಂಗಿಲ್ಲ ಅಂತನೂ ಹೇಳ್ಯಾರ.
ಗೊತ್ತೈತಿ.
ಆದ್ರೂ ರಾತ್ರಿ ಕರೆಂಟ ಹೋದ ಮ್ಯಾಲ
ಮೊಬೈಲಿನ ಬೆಳಕು ಸೆರಗಿನಾಗ ಸೋಸಿ
ಮಲಗಿದಾಕಿ ರೆಪ್ಪಿ ಒಂದೀಟು ಎತ್ತತೀನಿ.
ಬಿಳೀದು ಕಾಣತೈತಿ. ಬರೇ ಬಿಳೀದು.

"ಅವ್ವಾ," ಅಂತಾಳ, "ಬ್ಯಾಟರಿ ಆರಸು.
ನಾ ಒಳಗ ಮಲಗೀನಿ."